ಪಿನ್‌ಬಾಲ್ ಯಂತ್ರದ ಮೂಲಮಾದರಿ: ಗುರುತಿಸುವುದು ಹೇಗೆ?

ಒಂದೇ ಹೆಸರಿನ ಎರಡು ಪಿನ್‌ಬಾಲ್ ಯಂತ್ರಗಳು ನಮ್ಮೆದುರಿಗಿವೆಯೆಂದು ಭಾವಿಸೋಣ. ಎರಡೂ 1993ರಲ್ಲಿ ಅಮೆರಿಕದಲ್ಲಿ ತಯಾರಾದವು. ಬಣ್ಣ, ಚಿತ್ರ, ದೀಪಗಳ ಸಾಲು ಎಲ್ಲದರಲ್ಲಿಯೂ ಅವು ಅವಳಿಗಳಂತೆ ತೋರುತ್ತವೆ. ಆದರೆ ಒಂದರ ಆಟದ ಹಲಗೆಯ ಕೆಳಗೆ ಎರಡು ವಿದ್ಯುತ್ಕಾಂತಗಳಿದ್ದರೆ ಇನ್ನೊಂದರ ಕೆಳಗೆ ಮೂರಿವೆ. “ಇದು ಮಾರುಕಟ್ಟೆಗೆ ಬಂದ ಸಾಮಾನ್ಯ ಯಂತ್ರವಲ್ಲ, ಅದಕ್ಕೂ ಮೊದಲು ಕಾರ್ಖಾನೆಯವರು ಪರೀಕ್ಷೆಗಾಗಿ ಕಟ್ಟಿದ ಮೂಲಮಾದರಿ” ಎಂದು ಅದರ ಒಡೆಯರು ಹೇಳುತ್ತಾರೆ. ಈ ಮಾತನ್ನು ನಂಬಬಹುದೆ? ನಂಬುವುದಾದರೆ ಯಾವ ಆಧಾರದ ಮೇಲೆ?

ಆಟದ ಯಂತ್ರದ ವಿಷಯವಲ್ಲವೆ ಎಂದು ವಾಚಕರು ಇದನ್ನು ಹಗುರವಾಗಿ ಕಾಣಬಾರದು. ಭೂವಿಜ್ಞಾನಿಯು ಶಿಲಾಪದರಗಳನ್ನು ಓದುವ ಕ್ರಮ, ಶಾಸನತಜ್ಞನು ತಾಮ್ರಪಟವನ್ನು ಪರೀಕ್ಷಿಸುವ ಕ್ರಮ ಇವೆರಡೂ ಇಲ್ಲಿ ನಮ್ಮ ನೆರವಿಗೆ ಬರುತ್ತವೆ.

ಯಂತ್ರದ ಪರಿಚಯ

ಪಿನ್‌ಬಾಲ್ ಎಂದರೆ ಗಾಜು ಹೊದಿಸಿದ ಇಳಿಜಾರಾದ ಹಲಗೆಯ ಮೇಲೆ ಉಕ್ಕಿನ ಗುಂಡನ್ನು ಓಡಿಸುವ ಆಟ. 1871ರಲ್ಲಿ ಮಾಂಟೇಗ್ಯು ರೆಡ್‌ಗ್ರೇವ್ ಎಂಬವರು ಗುಂಡನ್ನು ಚಿಮ್ಮಿಸುವ ಸ್ಪ್ರಿಂಗ್ ಸಾಧನಕ್ಕೆ ಪೇಟೆಂಟ್ ಪಡೆದರು. 1933ರ ‘ಕಾಂಟ್ಯಾಕ್ಟ್’ ಎಂಬ ಯಂತ್ರದಲ್ಲಿ ಹ್ಯಾರಿ ವಿಲಿಯಮ್ಸ್ ವಿದ್ಯುತ್ತನ್ನು ಬಳಸಿದರು. 1947ರಲ್ಲಿ ಗಾಟ್ಲೀಬ್ ಸಂಸ್ಥೆಯ ‘ಹಂಪ್ಟಿ ಡಂಪ್ಟಿ’ಯೊಡನೆ ಗುಂಡನ್ನು ಹಿಂದಕ್ಕೆ ಹೊಡೆಯುವ ಫ್ಲಿಪ್ಪರುಗಳು ಬಂದವು.

ಇಂದಿನ ರೂಢಿಯ ಗುಂಡಿನ ವ್ಯಾಸ 27 ಮಿಲಿಮೀಟರು, ತೂಕ 80 ಗ್ರಾಮು. ಹಲಗೆಯ ಇಳಿಜಾರು ಸುಮಾರು 6.5 ಡಿಗ್ರಿ. ಜಾರದೆ ಉರುಳುವ ಘನಗೋಲದ ವೇಗೋತ್ಕರ್ಷವನ್ನು ಕಾಲೇಜು ವಿದ್ಯಾರ್ಥಿಗಳು ಬಲ್ಲರು: ಗುರುತ್ವದ ವೇಗೋತ್ಕರ್ಷವನ್ನು ಇಳಿಜಾರಿನ ಕೋನದ ಸೈನಿನಿಂದಲೂ 5/7ರಿಂದಲೂ ಗುಣಿಸಬೇಕು. ಉತ್ತರ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 0.8 ಮೀಟರು. ಇಷ್ಟನ್ನು ಕಾಗದದ ಮೇಲೆ ಸುಲಭವಾಗಿ ಕಂಡುಹಿಡಿಯಬಹುದು. ಆದರೆ ಆ ಗುಂಡು ನಾಲ್ಕಾರು ರಬ್ಬರು ಉಂಗುರಗಳಿಗೆ ತಾಗಿ ಪುಟಿದ ಮೇಲೆ ಎತ್ತ ಹೋಗುವುದೆಂದು ಹೇಳುವುದು ಕಷ್ಟ. ಮೊದಲ ತಾಗಿನಲ್ಲಿ ಕೂದಲೆಳೆಯಷ್ಟಿದ್ದ ವ್ಯತ್ಯಾಸ ಐದನೆಯ ತಾಗಿನ ವೇಳೆಗೆ ಗೇಣುದ್ದವಾಗುತ್ತದೆ. ಆದುದರಿಂದ ಯಂತ್ರವನ್ನು ಕಟ್ಟಿ, ಆಡಿ, ತಿದ್ದಿ ನೋಡುವುದಲ್ಲದೆ ವಿನ್ಯಾಸಕಾರನಿಗೆ ಬೇರೆ ದಾರಿಯಿಲ್ಲ. ಮೂಲಮಾದರಿಗಳು ಹುಟ್ಟುವುದು ಈ ಅಗತ್ಯದಿಂದ.

ಮೊದಲು ಚಿತ್ರ ಬರೆಯದ ಬೋಳು ಹಲಗೆಯ ಮೇಲೆ ಭಾಗಗಳನ್ನು ಜೋಡಿಸಿ ಆಡುತ್ತಾರೆ. ಇದಕ್ಕೆ ಆ ಕಸುಬಿನವರು ‘ವೈಟ್‌ವುಡ್’ ಎನ್ನುತ್ತಾರೆ. ಆಟ ಹದಕ್ಕೆ ಬಂದ ಮೇಲೆ ಬಣ್ಣ, ಚಿತ್ರಗಳೊಡನೆ ಕೆಲವು ಮೂಲಮಾದರಿಗಳು ಸಿದ್ಧವಾಗುತ್ತವೆ. ಅನಂತರ ಪರೀಕ್ಷೆಗೂ ವ್ಯಾಪಾರಿಗಳಿಗೆ ತೋರಿಸುವುದಕ್ಕೂ ನಮೂನೆಯ ಯಂತ್ರಗಳು ಹೊರಡುತ್ತವೆ. ಕೊನೆಗೆ ನೂರಾರು, ಸಾವಿರಾರು ಸಂಖ್ಯೆಯ ಉತ್ಪಾದನೆ. ಹಂತದಿಂದ ಹಂತಕ್ಕೆ ಯಾವುದೋ ಒಂದು ಭಾಗ ಬಿಟ್ಟುಹೋಗುತ್ತದೆ, ಇನ್ನೊಂದು ಸ್ಥಳ ಬದಲಿಸುತ್ತದೆ. ವಿನ್ಯಾಸಕಾರನ ಮನಸ್ಸಿನಲ್ಲಿದ್ದುದು ಏನು, ಕಾರ್ಖಾನೆಯು ಅದರಲ್ಲಿ ಕೈಬಿಟ್ಟುದು ಏನು ಎಂಬುದಕ್ಕೆ ಮೂಲಮಾದರಿಗಿಂತ ಉತ್ತಮ ಸಾಕ್ಷಿ ಸಿಗುವುದು ಅಪರೂಪ.

ರಿಲೇಯಿಂದ ಮೈಕ್ರೊಪ್ರೊಸೆಸರಿಗೆ

ಈ ಸಾಕ್ಷ್ಯ ಎಷ್ಟು ಬೆಲೆಯುಳ್ಳದ್ದೆಂಬುದು 1970ರ ದಶಕದ ಕಥೆಯಿಂದ ಸ್ಪಷ್ಟವಾಗುತ್ತದೆ. ಅದುವರೆಗೆ ಪಿನ್‌ಬಾಲ್ ಯಂತ್ರದ ಎಣಿಕೆಯ ಕೆಲಸವನ್ನೆಲ್ಲ ರಿಲೇಗಳೂ ಹಲ್ಲುಗಾಲಿಗಳೂ ಮಾಡುತ್ತಿದ್ದವು. 1974ರಲ್ಲಿ ಡೇವ್ ನಟಿಂಗ್ ಮತ್ತು ಜೆಫ್ರಿ ಫ್ರೆಡರಿಕ್ಸನ್ ಅವರು ಬ್ಯಾಲಿ ಸಂಸ್ಥೆಯ ‘ಫ್ಲಿಕರ್’ ಯಂತ್ರದೊಳಗೆ ಇಂಟೆಲ್ 4004 ಮೈಕ್ರೊಪ್ರೊಸೆಸರನ್ನು ಅಳವಡಿಸಿ ತೋರಿಸಿದರು. 1975ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 1978ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಅಷ್ಟರಲ್ಲಿ ಇತರ ಸಂಸ್ಥೆಗಳೂ ಅದೇ ಮಾರ್ಗವನ್ನು ಹಿಡಿದಿದ್ದವು, ವಿವಾದ ನ್ಯಾಯಾಲಯವನ್ನೇರಿತು. ಯಾರು ಮೊದಲು, ಏನನ್ನು, ಯಾವಾಗ ಕಟ್ಟಿದರು ಎಂಬ ಪ್ರಶ್ನೆಗೆ ಬೆಲೆ ಬರುವುದು ಇಂಥ ಕಡೆಯಲ್ಲಿ.

ಈ ಸಂಧಿಕಾಲದ ಯಂತ್ರಗಳು ನಮ್ಮನ್ನು ಬಹಳ ಗೊಂದಲಕ್ಕೆ ದೂಡುತ್ತವೆ. ಬ್ಯಾಲಿಯ ‘ಬೋ ಅಂಡ್ ಆ್ಯರೋ’ ಮಾರುಕಟ್ಟೆಗೆ ಬಂದುದು ರಿಲೇ ಯಂತ್ರವಾಗಿ. ಮೈಕ್ರೊಪ್ರೊಸೆಸರುಳ್ಳ ಅದರ ರೂಪ ಕೆಲವೇ ಮೂಲಮಾದರಿಗಳಲ್ಲಿ ನಿಂತಿತು. ವಿಲಿಯಮ್ಸ್ ಸಂಸ್ಥೆಯ ‘ಹಾಟ್ ಟಿಪ್’ (1977) ಎರಡು ರೂಪಗಳಲ್ಲಿಯೂ ಮಾರಾಟವಾಯಿತು. ಹೀಗಾಗಿ ಮೈಕ್ರೊಪ್ರೊಸೆಸರುಳ್ಳ ‘ಹಾಟ್ ಟಿಪ್’ ಸಾಮಾನ್ಯ ವಸ್ತು, ಮೈಕ್ರೊಪ್ರೊಸೆಸರುಳ್ಳ ‘ಬೋ ಅಂಡ್ ಆ್ಯರೋ’ ಅಪೂರ್ವ ವಸ್ತು. ಒಂದೇ ಲಕ್ಷಣ ಒಂದು ಕಡೆ ಏನನ್ನೂ ಹೇಳುವುದಿಲ್ಲ, ಇನ್ನೊಂದು ಕಡೆ ಎಲ್ಲವನ್ನೂ ಹೇಳುತ್ತದೆ. ಉತ್ಪಾದನೆಯ ಯಂತ್ರ ಹೇಗಿತ್ತೆಂಬುದನ್ನು ಚೆನ್ನಾಗಿ ಅರಿಯದವನು ಮೂಲಮಾದರಿಯನ್ನು ಗುರುತಿಸಲಾರನು.

ಹಲಗೆಯನ್ನೆತ್ತಿ ಕೆಳಗಿನ ತಂತಿಗಳ ಕಂತೆಯನ್ನು ನೋಡಿದರೆ ಯಂತ್ರ ಯಾವ ಬಗೆಯದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಮೈಕ್ರೊಪ್ರೊಸೆಸರುಳ್ಳ ಯಂತ್ರದಲ್ಲಿ ಅಡ್ಡಕ್ಕೆ ಎಂಟು, ನಿಲುವಿಗೆ ಎಂಟು ತಂತಿಗಳನ್ನು ಜಾಲದಂತೆ ಹೆಣೆದು, ಸಂಧಿಗೊಂದರಂತೆ 64 ಸ್ವಿಚ್ಚುಗಳನ್ನು ಇಡಬಹುದು. ಸಾಲುಗಳನ್ನು ಒಂದಾದ ಮೇಲೊಂದರಂತೆ ಮಿಂಚಿನ ವೇಗದಲ್ಲಿ ವಿಚಾರಿಸುತ್ತಿದ್ದರೆ ಯಾವ ಸ್ವಿಚ್ಚು ಮುಚ್ಚಿದೆಯೆಂದು ಗೊತ್ತಾಗುತ್ತದೆ. 64 ಸ್ವಿಚ್ಚುಗಳಿಗೆ 16 ತಂತಿಗಳೇ ಸಾಕು!

ಮರವೂ ಬಣ್ಣವೂ ಹೇಳುವುದೇನು?

ಈಗ ಪರೀಕ್ಷೆಗೆ ತೊಡಗೋಣ. ಮೂಲಮಾದರಿಯಲ್ಲಿ ಹಲವು ಸಲ ಭಾಗಗಳ ಸ್ಥಳ ಬದಲಾಗಿರುತ್ತದೆ. ಹಳೆಯ ತೂತಿಗೆ ಮರದ ಬೆಣೆ ಹೊಡೆದು ಪಕ್ಕದಲ್ಲಿ ಹೊಸ ತೂತು ಕೊರೆದಿರುತ್ತಾರೆ. ಆದರೆ ಮೂವತ್ತು ವರ್ಷಗಳ ಅನಂತರ ಯಂತ್ರವನ್ನು ರಿಪೇರಿ ಮಾಡಿದವನೂ ತೂತು ಕೊರೆದಿರಬಹುದಲ್ಲವೆ? ಇವೆರಡನ್ನು ಬೇರ್ಪಡಿಸುವ ಬಗೆ ಹೇಗೆ?

ಇಲ್ಲಿ ಭೂವಿಜ್ಞಾನದ ಸರಳ ನಿಯಮವೊಂದು ಕೆಲಸಕ್ಕೆ ಬರುತ್ತದೆ: ಮೇಲಿನ ಪದರವು ಕೆಳಗಿನ ಪದರಕ್ಕಿಂತ ಹೊಸದು. ಬೆಣೆಯ ಮೇಲೆ ಕಾರ್ಖಾನೆಯ ಮೂಲ ಬಣ್ಣ ಒಡೆಯದೆ ಹರಡಿದ್ದರೆ, ಬೆಣೆ ಹೊಡೆದುದು ಬಣ್ಣಕ್ಕೆ ಮೊದಲು. ಎಂದರೆ ಅದು ಕಾರ್ಖಾನೆಯ ಕೈಕೆಲಸ. ತೂತಿನ ಅಂಚಿನಲ್ಲಿ ಬಣ್ಣ ಚಕ್ಕೆಯೆದ್ದು ಒಳಗಿನ ಮರ ಬೆಳ್ಳಗೆ ಕಂಡರೆ, ತೂತು ಬಣ್ಣದ ಅನಂತರದ್ದು. ಬಹುಕಾಲ ಒಂದು ಭಾಗ ಮುಚ್ಚಿಕೊಂಡಿದ್ದ ಜಾಗ ಮಾಸದೆ ಉಳಿದು, ಸುತ್ತಲೂ ಧೂಳಿನ ಗೆರೆಯೊಂದು ನಿಂತಿರುತ್ತದೆ. ಆ ಗೆರೆಗೂ ಈಗಿರುವ ಭಾಗದ ಆಕಾರಕ್ಕೂ ಹೊಂದಿಕೆಯಿಲ್ಲದಿದ್ದರೆ ಅಲ್ಲಿ ಮೊದಲು ಬೇರೇನೋ ಇದ್ದಿತೆಂದು ತಿಳಿಯಬೇಕು.

ತೇದಿ ಹೊತ್ತ ಚಿಪ್ಪುಗಳು

ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಇನ್ನೊಂದು ಅನುಕೂಲವಿದೆ. ಚಿಪ್‌ಗಳ ಬೆನ್ನಿನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳ ಸಂಕೇತವೊಂದನ್ನು ಮುದ್ರಿಸಿರುತ್ತಾರೆ. ಅದು 7642 ಎಂದಿದ್ದರೆ 1976ನೆಯ ಇಸವಿಯ 42ನೆಯ ವಾರ ಎಂದು ಅರ್ಥ. 1976ರದೆಂದು ಹೇಳುವ ಫಲಕದ ಮೇಲೆ 8012 ಎಂಬ ಚಿಪ್ ಕುಳಿತಿದ್ದರೆ ಆ ಚಿಪ್ ಅನಂತರ ಬಂದುದೆಂಬುದು ನಿಸ್ಸಂದೇಹ. ಆದರೆ ಇಷ್ಟರಿಂದಲೇ ಯಂತ್ರವನ್ನೆಲ್ಲ ಸುಳ್ಳೆನ್ನುವಂತಿಲ್ಲ. ಕೆಟ್ಟುಹೋದ ಒಂದು ಚಿಪ್ಪನ್ನು ಬದಲಿಸಿರಬಹುದು. ಹಾಗೆಯೇ, ಹಳೆಯ ತೇದಿಯ ಚಿಪ್ ಇದ್ದ ಮಾತ್ರಕ್ಕೆ ಯಂತ್ರ ಹಳೆಯದಾಗಲಾರದು. ಹಳೆಯ ಚಿಪ್ಪನ್ನು ಹೊಸ ಫಲಕಕ್ಕೆ ಹಾಕಬಹುದು. ತೇದಿಯು ಹೇಳುವುದು ಒಂದೇ ಮಾತು: “ಈ ಜೋಡಣೆ ನನಗಿಂತ ಮೊದಲಿನದಲ್ಲ.” ಎಲ್ಲ ಚಿಪ್‌ಗಳ ತೇದಿಗಳೂ ಕೆಲವೇ ವಾರಗಳ ಒಳಗೆ ಗುಂಪುಗೂಡಿದ್ದರೆ ಮಾತ್ರ ಆ ಸಾಕ್ಷ್ಯಕ್ಕೆ ತೂಕ ಬರುತ್ತದೆ.

ನಮ್ಮ ನಾಡಿನ ಶಾಸನಶಾಸ್ತ್ರದಲ್ಲಿ ಇದಕ್ಕೆ ಹೋಲಿಕೆಯುಂಟು. ಪಶ್ಚಿಮ ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಅವರು ಕೂಟಶಾಸನಗಳೆಂದು ಶಂಕಿಸಿದಾಗ, ಪಟದಲ್ಲಿ ಹೇಳಿದ ಕಾಲಕ್ಕೂ ಅಕ್ಷರಗಳ ರೂಪಕ್ಕೂ ಹೊಂದಿಕೆಯಿಲ್ಲವೆಂಬುದು ಅವರ ಮುಖ್ಯ ಆಧಾರಗಳಲ್ಲೊಂದಾಗಿತ್ತು. ಚಿಪ್ಪಿನ ಮೇಲಿನ ನಾಲ್ಕು ಅಂಕಿಗಳು ನಮಗೆ ಲಿಪಿಯಿದ್ದಂತೆ.

ಮೂರನೆಯ ಕಾಂತ

ಇನ್ನು ನಾವು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಆ ಯಂತ್ರದ ಹೆಸರು ‘ಟ್ವೈಲೈಟ್ ಜೋನ್’. ವಿನ್ಯಾಸ ಪ್ಯಾಟ್ ಲಾಲರ್ ಅವರದು, ತಯಾರಾದವು 15,235. ಇದರಲ್ಲಿ ಉಕ್ಕಿನ ಗುಂಡುಗಳ ಜೊತೆಗೆ ಪಿಂಗಾಣಿಯ ಜಾತಿಯ ಬಿಳಿಯ ಗುಂಡೊಂದಿದೆ. ಅದು ಉಕ್ಕಿಗಿಂತ ಹಗುರ. ಕಾಂತಕ್ಕೆ ಸಿಕ್ಕುವುದೂ ಇಲ್ಲ. ಹಲಗೆಯ ಕೆಳಗಿನ ವಿದ್ಯುತ್ಕಾಂತಗಳು ಉಕ್ಕಿನ ಗುಂಡನ್ನು ಸೆಳೆದರೆ, ಬಿಳಿಯ ಗುಂಡು ಅವುಗಳನ್ನು ಲೆಕ್ಕಿಸದೆ ಸಾಗುತ್ತದೆ.

ಮೊದಲ ಯಂತ್ರಗಳಲ್ಲಿ ಇಂಥ ಕಾಂತಗಳು ಮೂರಿದ್ದವು. ಉತ್ಪಾದನೆಯಲ್ಲಿ ಎರಡೇ ಉಳಿದವು. ಆದರೆ ಯಂತ್ರವನ್ನು ನಡೆಸುವ ಕ್ರಮವಿಧಿಯಲ್ಲಿ ಮೂರನೆಯದಕ್ಕೆ ಸಲ್ಲುವ ಆದೇಶಗಳು ಹಾಗೆಯೇ ಉಳಿದುಬಿಟ್ಟವು. ಇದನ್ನರಿತ ಹವ್ಯಾಸಿಗಳು ಅನಂತರದ ವರ್ಷಗಳಲ್ಲಿ ತಮ್ಮ ಸಾಮಾನ್ಯ ಯಂತ್ರಗಳಿಗೂ ಮೂರನೆಯ ಕಾಂತವನ್ನು ಜೋಡಿಸಿಕೊಂಡರು. ಅವೂ ಸರಿಯಾಗಿ ಕೆಲಸ ಮಾಡಿದವು! ಆದುದರಿಂದ ಮೂರನೆಯ ಕಾಂತವೊಂದೇ ಮೂಲಮಾದರಿಗೆ ಪುರಾವೆಯಾಗಲಾರದು.

ಕ್ರಮವಿಧಿಯ ಆವೃತ್ತಿಯನ್ನು ನೋಡೋಣವೆ? ಈ ಸಂಸ್ಥೆಯು ಮೂಲಮಾದರಿಯ ಕ್ರಮವಿಧಿಗಳಿಗೆ ‘ಪಿ-3’, ‘ಪಿ-4’ ಎಂದೂ ಉತ್ಪಾದನೆಯವಕ್ಕೆ ‘ಎಲ್-2’, ‘ಎಲ್-3’ ಎಂದೂ ಹೆಸರಿಡುತ್ತಿದ್ದಿತು. ಆದರೆ ಕ್ರಮವಿಧಿಯಿರುವ ಚಿಪ್ಪನ್ನು ಐದು ನಿಮಿಷಗಳಲ್ಲಿ ಬದಲಿಸಬಹುದು. ಅದರ ನೆತ್ತಿಯಲ್ಲಿ ಸ್ಫಟಿಕದ ಪುಟ್ಟ ಕಿಟಕಿಯಿದ್ದರೆ, ಅತಿನೇರಿಳೆ ಕಿರಣ ಹಾಯಿಸಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲೂಬಹುದು. ಇದೂ ಒಂಟಿಯಾಗಿ ನಿಲ್ಲುವ ಸಾಕ್ಷಿಯಲ್ಲ.

ಹಾಗಾದರೆ ಉಪಾಯವೇನು? ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಾಕ್ಷಿಗಳು ಒಂದೇ ಮಾತನ್ನು ಹೇಳುವಂತಿರಬೇಕು. ಕಾಂತದ ತಂತಿಗಳು ಕಾರ್ಖಾನೆಯ ಕಂತೆಯೊಳಗೆ ಸೇರಿ ಹೆಣೆದಿವೆಯೆ, ಅಥವಾ ಹೊರಗಿನಿಂದ ಬಂದು ಅಂಟಿಕೊಂಡಿವೆಯೆ? ಕಾಂತಕ್ಕಾಗಿ ಕೊರೆದ ಜಾಗದ ಅಂಚು ಬಣ್ಣಕ್ಕೆ ಮೊದಲಿನದೊ, ಅನಂತರದ್ದೊ? ಚಿಪ್‌ಗಳ ತೇದಿಗಳು ಉತ್ಪಾದನೆ ಮೊದಲಾಗುವುದಕ್ಕೆ ಮುಂಚಿನವೆ? ಕ್ರಮಸಂಖ್ಯೆ ಎಲ್ಲಿ ಬೀಳುತ್ತದೆ? ರಿಪೇರಿಯಾದ ಸಾಮಾನ್ಯ ಯಂತ್ರದಲ್ಲಿ ಇಂಥ ಒಂದೊಂದು ಲಕ್ಷಣವೂ ಆಕಸ್ಮಿಕವಾಗಿ ತೋರುವ ಸಂಭಾವ್ಯತೆ ಹತ್ತರಲ್ಲೊಂದು ಎಂದಿಟ್ಟುಕೊಂಡರೆ, ಮೂರು ಒಟ್ಟಿಗೆ ತೋರುವುದು ಸಾವಿರದಲ್ಲೊಂದು. ಆದರೆ ಎಚ್ಚರ! ಹೀಗೆ ಗುಣಿಸಬೇಕಾದರೆ ಅವು ಪರಸ್ಪರ ಸ್ವತಂತ್ರವಾಗಿರಬೇಕು. ಒಬ್ಬನೇ ವಂಚಕನು ಒಂದೇ ದಿನ ಮೂರನ್ನೂ ಸೃಷ್ಟಿಸಿದ್ದರೆ ಅವು ಮೂರು ಸಾಕ್ಷಿಗಳಲ್ಲ, ಒಂದೇ ಸುಳ್ಳಿನ ಮೂರು ಮುಖಗಳು.

ಈ ಜಾಗರೂಕತೆಗೆ ಕಾರಣವಿದೆ. ಕ್ಯಾಪ್‌ಕಾಂ ಸಂಸ್ಥೆಯ ‘ಬಿಗ್ ಬ್ಯಾಂಗ್ ಬಾರ್’ ಯಂತ್ರವು 1996ರಲ್ಲಿ 14 ಮೂಲಮಾದರಿಗಳಿಗೇ ನಿಂತುಹೋಯಿತು. 2007ರಲ್ಲಿ ಬೇರೊಂದು ಸಂಸ್ಥೆ ಅದನ್ನೇ ಹೋಲುವ ಸುಮಾರು 190 ಯಂತ್ರಗಳನ್ನು ಬಹಿರಂಗವಾಗಿಯೇ ತಯಾರಿಸಿತು. ಅದರಲ್ಲಿ ಮೋಸವೇನೂ ಇರಲಿಲ್ಲ. ಆದರೆ ಆ ಹೆಸರಿನ ಯಂತ್ರವೊಂದನ್ನು ಕಂಡಾಗ “ಯಾವ ಕಾಲದ್ದು?” ಎಂದು ಕೇಳಲೇಬೇಕಾಯಿತು.

ಒರೆಸುವ ಮುನ್ನ

ಈ ಸಾಕ್ಷ್ಯಗಳಿಗೆ ವಂಚಕರಿಗಿಂತ ದೊಡ್ಡ ಶತ್ರುವೆಂದರೆ ಶುಚಿಪ್ರಿಯರು. ಹಳೆಯ ಹಲಗೆಯನ್ನು ಉಜ್ಜಿ ಹೊಸ ಬಣ್ಣ ಬಳಿದರೆ ಪದರಗಳ ಕ್ರಮ ಅಳಿಯುತ್ತದೆ. ಧೂಳಿನ ಗೆರೆ ಮಾಯವಾಗುತ್ತದೆ. ಪೆನ್ಸಿಲಿನಲ್ಲಿ ಕುಶಲಕರ್ಮಿ ಬರೆದಿಟ್ಟ ಅಂಕೆಗಳು ಹೋಗುತ್ತವೆ. ಯಂತ್ರ ಥಳಥಳಿಸುತ್ತದೆ, ಆದರೆ ಅದರ ಬಾಯಿ ಕಟ್ಟಿದಂತಾಗುತ್ತದೆ.

ಇದು ನಮ್ಮ ಅನುಭವವೂ ಹೌದು. ನಮ್ಮ ಪ್ರಯೋಗಶಾಲೆಯಲ್ಲಿ ಹಳೆಯ ಟ್ಯಾಂಜೆಂಟ್ ಗ್ಯಾಲ್ವನೋಮೀಟರೊಂದಿತ್ತು. ಅದರ ಪೀಠ ಮಾಸಿತ್ತೆಂದು ನಾವೇ ಮುಂದೆ ನಿಂತು ಮರಳುಕಾಗದದಿಂದ ಉಜ್ಜಿಸಿ ವಾರ್ನಿಷ್ ಹಾಕಿಸಿದೆವು. ಸುರುಳಿಯ ಸುತ್ತುಗಳ ಸಂಖ್ಯೆಯನ್ನು ಯಾರೋ ಹಿರಿಯರು ಪೀಠದ ಅಡಿಯಲ್ಲಿ ಶಾಯಿಯಿಂದ ಬರೆದಿದ್ದರೆಂಬುದು, ಅದು ಅಳಿಸಿಹೋದ ಮೇಲೆ ನೆನಪಾಯಿತು. ಸುತ್ತುಗಳನ್ನು ಮರಳಿ ಲೆಕ್ಕಹಾಕಿ ತಿಳಿದೆವು. ಬರೆದವರ ಸಹಿಯೂ ಇಸವಿಯೂ ಮರಳಲಿಲ್ಲ.

ವಿದ್ಯಾರ್ಥಿಮಿತ್ರರ ಕಾಲೇಜುಗಳಲ್ಲಿ ಪಿನ್‌ಬಾಲ್ ಯಂತ್ರವಿರಲಾರದು. ಹಳೆಯ ಬೀರುಗಳಲ್ಲಿ ಹಳೆಯ ಉಪಕರಣಗಳು ಮಾತ್ರ ಖಂಡಿತ ಇರುತ್ತವೆ. ಒಂದನ್ನು ಕೈಗೆತ್ತಿಕೊಳ್ಳಿರಿ. ಯಾವ ಭಾಗ ಮೊದಲಿನದು, ಯಾವುದು ಅನಂತರದ್ದು, ಹಾಗೆಂದು ಯಾವ ಗುರುತಿನಿಂದ ಹೇಳುವಿರಿ ಎಂದು ಬರೆದಿಡಿರಿ. ಬಟ್ಟೆ ತೆಗೆದುಕೊಂಡು ಧೂಳು ಒರೆಸುವುದು ಅದಾದ ಮೇಲಿನ ಕೆಲಸ.