ರಕ್ತ ತೆಗೆಯುವ ಮೊದಲೇ ಕಲಿಯಬೇಕಾದ ಪಾಠ

ತಿಕೋಟಾ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಎಣ್ಣಿ, ಅಂದರೆ ಔಷಧಿ, ಹೊಡೆಯುವ ಕೂಲಿಕಾರರ ಮೈಗೆ ಆ ವಿಷ ಎಷ್ಟು ಹತ್ತುತ್ತದೆ? ವಿಜಯಪುರದಲ್ಲಿ ಎಂ.ಡಿ. ಅಥವಾ ಪಿಎಚ್.ಡಿ. ಮಾಡುವ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಸಿಗುವುದು ಕಷ್ಟ. ನಗರದಿಂದ ಅಥಣಿ ರಸ್ತೆ ಹಿಡಿದರೆ ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ ತೋಟಗಳು ಸಿಗುತ್ತವೆ. ಉತ್ತರ ಕಂಡುಕೊಳ್ಳುವ ದಾರಿಯೂ ಸಲೀಸು ಅನ್ನಿಸುತ್ತದೆ. ಔಷಧಿ ಹೊಡೆಯುವ ಒಂದಷ್ಟು ಜನರ ರಕ್ತ ತೆಗೆದು, ಕೋಲಿನೆಸ್ಟರೇಸ್ ಎಂಬ ಕಿಣ್ವದ ಮಟ್ಟ ನೋಡಿ, ಔಷಧಿ ಹೊಡೆಯದ ಅಷ್ಟೇ ಜನರ ಜೊತೆ ಹೋಲಿಸಿದರಾಯಿತು. ಕಡಿಮೆ ಇದ್ದರೆ ವಿಷ ಹತ್ತಿದೆ, ಇಲ್ಲದಿದ್ದರೆ ಇಲ್ಲ. ಹೀಗೆ ಹೊರಟ ಥೀಸಿಸ್ ಮೂರು ವರ್ಷದಲ್ಲಿ ಮುಗಿಯುತ್ತದೆ, ಪಾಸೂ ಆಗುತ್ತದೆ. ಆದರೆ ಅದರಿಂದ ತೋಟದವರ ಆರೋಗ್ಯದ ಬಗ್ಗೆ ನಮಗೆ ಏನೂ ಗೊತ್ತಾಗದಿರುವ ಸಾಧ್ಯತೆಯೇ ಹೆಚ್ಚು.

ಯಾಕೆಂದರೆ ಈ ಕಿಣ್ವ ಕುಗ್ಗುವುದು ಮುಖ್ಯವಾಗಿ ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಕೀಟನಾಶಕಗಳಿಂದ. ದ್ರಾಕ್ಷಿಗೆ ಹೊಡೆಯುವುದರಲ್ಲಿ ಬಹುಪಾಲು ಡೌನಿ, ಬೂದಿರೋಗದಂಥ ಬೂಷ್ಟು ರೋಗಗಳ ವಿರುದ್ಧದ ಔಷಧಿ; ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೊ ದ್ರಾವಣವೂ ಅದರಲ್ಲಿ ಸೇರಿದೆ. ಇವುಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯ ಕಣ್ಣಿಗೇ ಬೀಳುವುದಿಲ್ಲ. ಹತ್ತಿ ಬೆಳೆಯುವ ಊರಿನಲ್ಲಿ ನಡೆದ ಅಧ್ಯಯನವನ್ನು ನೋಡಿಕೊಂಡು ತಿಕೋಟಾಕ್ಕೆ ಅದನ್ನೇ ನಕಲು ಮಾಡಿದವರಿಗೆ ಇದು ತಿಳಿಯುವುದಿಲ್ಲ. ಇನ್ನು ಕಾಲದ ಮಾತು. ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಕತ್ತರಿಸುವ ಕೆಲಸದ, ನಂತರದ ವಾರಗಳಲ್ಲಿ ಸಿಂಪಡಣೆ ದಟ್ಟವಾಗಿರುತ್ತದೆ, ಬೇಸಿಗೆಯಲ್ಲಿ ಹಾಗಿರುವುದಿಲ್ಲ. ವಿದ್ಯಾರ್ಥಿಗೆ ರಜೆ ಸಿಕ್ಕ ತಿಂಗಳಲ್ಲಿ ರಕ್ತ ತೆಗೆದರೆ ಯಾವ ತೋಟವೂ ನಿರಪಾಯವಾಗಿಯೇ ಕಾಣುತ್ತದೆ. ಮೇಲಾಗಿ ಈ ಕಿಣ್ವದ ಸಹಜ ಮಟ್ಟ ಒಬ್ಬರಿಂದೊಬ್ಬರಿಗೆ ಬಹಳ ಬೇರೆ. ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ಗರ್ಭಾವಸ್ಥೆ ಕೂಡ ರಕ್ತರಸದಲ್ಲಿನ ಮಟ್ಟವನ್ನು ಇಳಿಸುತ್ತವೆ. ಹಾಗಾಗಿ ತೋಟದ ಕೂಲಿಕಾರನನ್ನು ಆಸ್ಪತ್ರೆಯ ಗುಮಾಸ್ತನ ಜೊತೆ ಹೋಲಿಸಿದಾಗ ಕಾಣುವ ವ್ಯತ್ಯಾಸ ವಿಷದ್ದೋ ಬಡತನದ್ದೋ ಹೇಳಲಾಗುವುದಿಲ್ಲ. ಅದೇ ಮನುಷ್ಯನ ರಕ್ತವನ್ನು ಚಾಟ್ನಿಗೆ ಮೊದಲೊಮ್ಮೆ, ಸಿಂಪಡಣೆಯ ನಡುವೆ ಇನ್ನೊಮ್ಮೆ ನೋಡಬೇಕು. ಋತುಮಾನದಿಂದಲೇ ಮಟ್ಟ ಬದಲಾಗಿರಬಹುದೆಂಬ ಅನುಮಾನ ಕಳೆಯಲು ಅದೇ ಊರಿನ ಜೋಳದ ಹೊಲದಲ್ಲಿ ದುಡಿಯುವವರನ್ನೂ ಅವೇ ದಿನಗಳಲ್ಲಿ ನೋಡಬೇಕು. ಮೊದಲ ಸುತ್ತಿನ ಸ್ಯಾಂಪಲ್‌ಗಳನ್ನೆಲ್ಲ ಒಂದು ಕಿಟ್ಟಿನಲ್ಲೂ ಎರಡನೆಯ ಸುತ್ತಿನವನ್ನೆಲ್ಲ ಇನ್ನೊಂದರಲ್ಲೂ ಪರೀಕ್ಷಿಸಿದರೆ ಕಿಟ್ಟಿನ ವ್ಯತ್ಯಾಸವೇ ರೋಗದಂತೆ ಕಂಡೀತು. ಆದ್ದರಿಂದ ಶೈತ್ಯದಲ್ಲಿಟ್ಟು, ಹೆಸರಿನ ಬದಲು ಗುರುತಿನ ಸಂಖ್ಯೆ ಹಾಕಿ, ಎರಡೂ ಸುತ್ತಿನವುಗಳ ಕ್ರಮವನ್ನು ಕಲಸಿ ಒಟ್ಟಿಗೆ ಪರೀಕ್ಷಿಸಬೇಕು. ಇಷ್ಟೂ ತೀರ್ಮಾನಗಳು ಒಂದು ಹನಿ ರಕ್ತ ತೆಗೆಯುವುದಕ್ಕೆ ಮೊದಲೇ ಆಗಬೇಕಾದವು. ಆಮೇಲೆ ಯಾವ ಕಂಪ್ಯೂಟರೂ ಇವನ್ನು ಸರಿಪಡಿಸಲಾರದು.

ವೈದ್ಯ ವಿಜ್ಞಾನದ ಸ್ನಾತಕೋತ್ತರ ಶಿಕ್ಷಣದಲ್ಲಿ ನಾವು ಸರಿಯಾಗಿ ಕಲಿಸದೆ ಬಿಟ್ಟಿರುವುದು ಈ ಪೂರ್ವಭಾಗವನ್ನೇ ಎಂಬುದು ನನ್ನ ವಾದ. ನಿಯಮಗಳಿಗೆ ಕೊರತೆಯಿಲ್ಲ. ಎಂ.ಡಿ., ಎಂ.ಎಸ್. ವಿದ್ಯಾರ್ಥಿಗೆ ಥೀಸಿಸ್ ಕಡ್ಡಾಯ. ಸಂಶೋಧನಾ ವಿಧಾನದ ಕೋರ್ಸೂ ಕಡ್ಡಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಅದನ್ನು ಆನ್‌ಲೈನ್‌ನಲ್ಲಿ ನಡೆಸುತ್ತದೆ, ಅದು ಒಳ್ಳೆಯ ಕೋರ್ಸೇ. ಆದರೆ ಕೋರ್ಸಿನ ಸರ್ಟಿಫಿಕೇಟು ಒಂದು ಕಡೆ, ಥೀಸಿಸ್ ಇನ್ನೊಂದು ಕಡೆ ಎಂಬಂತೆ ಎರಡೂ ಸಾಗುತ್ತವೆ. ಥೀಸಿಸ್‌ನ ಯೋಜನೆಯಾದ ಸಿನಾಪ್ಸಿಸ್ ಸಲ್ಲಿಸುವ ಗಡುವು ವಿದ್ಯಾರ್ಥಿ ವಾರ್ಡಿನ ದಾರಿಯನ್ನೇ ಇನ್ನೂ ಕಲಿಯುತ್ತಿರುವ ತಿಂಗಳುಗಳಲ್ಲಿ ಬಂದುಬಿಡುತ್ತದೆ. ಆಗ ಹಳೆಯ ಥೀಸಿಸ್ ಒಂದನ್ನು ತೆಗೆದು, ಊರು ಬದಲಿಸಿ, ಇಸವಿ ಬದಲಿಸುವುದು ಸುಲಭದ ದಾರಿ. ಎಷ್ಟು ಜನ ಬೇಕು ಎಂಬ ಲೆಕ್ಕವೂ ಎಷ್ಟು ಜನ ಸಿಗುತ್ತಾರೆ ಎಂಬುದರಿಂದ ಹಿಂದುಮುಂದಾಗಿ ಹುಟ್ಟುತ್ತದೆ. ಕಡೆಗೆ ಪರೀಕ್ಷಕರ ಮುಂದೆ ಚರ್ಚೆಯಾಗುವುದು ಫಲಿತಾಂಶ. ಆ ಫಲಿತಾಂಶ ಹುಟ್ಟಿದ ಬಗೆಯನ್ನು ಕೆದಕುವವರು ಕಡಿಮೆ.

ವಿಚಿತ್ರವೆಂದರೆ ಪ್ರಯೋಗ ವಿನ್ಯಾಸದ ಈ ವಿದ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲ, ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಗೊಬ್ಬರ, ತಳಿಗಳ ಲೆಕ್ಕ ನೋಡುತ್ತಿದ್ದ ಆರ್.ಎ. ಫಿಶರ್ ಪ್ರಯೋಗಗಳ ವಿನ್ಯಾಸದ ಬಗ್ಗೆ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ್ದು 1935ರಲ್ಲಿ. ಒಂದೇ ಹೊಲದಲ್ಲಿ ಮಣ್ಣಿನ ಆಳ ಬೇರೆ ಬೇರೆ ಇರುವುದರಿಂದ ಒಂದು ತಳಿಯನ್ನು ಒಂದು ಮೂಲೆಗೆ ಹಾಕಬಾರದು, ಹೊಲವನ್ನು ಪಟ್ಟಿಗಳಾಗಿ ಮಾಡಿ ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳನ್ನು ಚೀಟಿ ಎತ್ತಿ ಹಂಚಬೇಕು ಎಂಬುದು ಅಲ್ಲಿಯ ತಿಳಿವಳಿಕೆ. 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನಾ ಕೇಂದ್ರ ಕಂಡ ವಿಜಯಪುರದಲ್ಲಿ ಕೃಷಿ ವಿದ್ಯಾರ್ಥಿಗೆ ಇದು ಮೊದಲ ಪಾಠ. ಅದೇ ಊರಿನ ವೈದ್ಯ ವಿದ್ಯಾರ್ಥಿಗೆ ಇದು ಕೊನೆಯ ಅಧ್ಯಾಯ ಯಾಕಾಗಬೇಕು? ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು ಪ್ರಯೋಗ ವಿನ್ಯಾಸದ ಗಣಿತಕ್ಕೆ ಕೊಟ್ಟ ಕೊಡುಗೆಯನ್ನು ಜಗತ್ತಿನ ಕಾರ್ಖಾನೆಗಳು, ಪ್ರಯೋಗಾಲಯಗಳು ಇಂದಿಗೂ ಬಳಸುತ್ತಿವೆ. ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ.

ಸ್ಥಳೀಯ ಪ್ರಶ್ನೆಗಳು ಈ ಪಾಠಕ್ಕೆ ಎಷ್ಟು ಹದವಾಗಿವೆ ಎಂಬುದಕ್ಕೆ ಇನ್ನೆರಡು ಸಂಗತಿ ನೋಡಬಹುದು. ಒಣದ್ರಾಕ್ಷಿ ಮಾಡುವ ಶೆಡ್ಡುಗಳಲ್ಲಿ ಹಣ್ಣಿಗೆ ಹಳದಿ ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುವುದುಂಟು. ಅಲ್ಲಿ ದುಡಿಯುವವರ ಉಸಿರಾಟದ ಶಕ್ತಿಯನ್ನು ಅಳೆದು, ಊರಿನ ಉಳಿದವರಷ್ಟೇ ಚೆನ್ನಾಗಿದೆ ಎಂದು ಬಂದರೆ ಹೊಗೆ ನಿರಪಾಯಕಾರಿ ಅನ್ನಬಹುದೇ? ಅನ್ನಬಾರದು. ದಮ್ಮು ಶುರುವಾದವರು ಮೊದಲ ಹಂಗಾಮಿನಲ್ಲೇ ಆ ಕೆಲಸ ಬಿಟ್ಟಿರುತ್ತಾರೆ. ಅಳತೆಗೆ ಸಿಕ್ಕವರು ಗಟ್ಟಿಗರು ಮಾತ್ರ. ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗುವುದೇ ಇಲ್ಲಿ ಅಧ್ಯಯನದ ಜೀವ. ಎರಡನೆಯದು ನೀರು. ವಿಜಯಪುರ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರಿಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕ. ಬಬಲೇಶ್ವರ ಸೀಮೆಯಲ್ಲಿ ಹನ್ನೆರಡು ವರ್ಷದ ಮಕ್ಕಳ ಹಲ್ಲಿನ ಕಲೆ ನೋಡಿ, ಅದೇ ದಿನ ಅವರ ಮನೆಯ ನಲ್ಲಿಯ ನೀರು ಪರೀಕ್ಷಿಸುವ ಅಧ್ಯಯನ ಮೇಲ್ನೋಟಕ್ಕೆ ಚೊಕ್ಕಟ. ಆದರೆ ಬಾಯಲ್ಲಿ ಕಾಣುವ ಹಲ್ಲಿನ ಮೇಲೆ ಫ್ಲೋರೈಡ್ ಗುರುತು ಬಿಡುವುದು ಆ ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ, ಹೆಚ್ಚೆಂದರೆ ಎಂಟು ವರ್ಷದವರೆಗೆ. ಕೃಷ್ಣೆಯ ನೀರು ಈ ಕಡೆ ಹರಿಯತೊಡಗಿದ ಮೇಲೆ ಎಷ್ಟೋ ಊರುಗಳ ನೀರಿನ ಮೂಲವೇ ಬದಲಾಗಿರಬಹುದು. ಇವತ್ತಿನ ನಲ್ಲಿ ಹತ್ತು ವರ್ಷದ ಹಿಂದಿನ ಬಾವಿಯ ಸಾಕ್ಷಿ ಹೇಳುವುದಿಲ್ಲ. ಮಗು ಮೊದಲು ಎಲ್ಲಿಯ ನೀರು ಕುಡಿಯಿತು ಎಂದು ತಾಯಿಯನ್ನೋ ಅಜ್ಜಿಯನ್ನೋ ಕೇಳಬೇಕು. ಆ ಪ್ರಶ್ನೆ ಪ್ರಶ್ನಾವಳಿಯಲ್ಲಿ ಇರದಿದ್ದರೆ ಉಳಿದ ಶ್ರಮವೆಲ್ಲ ದಂಡ.

ವಿಶ್ಲೇಷಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಲೆಕ್ಕ ಸಾಫ್ಟ್‌ವೇರ್ ಮಾಡುತ್ತದೆ. ವಿದ್ಯಾರ್ಥಿ ಕಲಿಯಬೇಕಾದದ್ದು ಏನನ್ನು ಎಣಿಸಬೇಕೆಂಬುದನ್ನು. ಮೂರೇ ತೋಟಗಳ ಅರವತ್ತು ಆಳುಗಳು ಲೆಕ್ಕದಲ್ಲಿ ಅರವತ್ತು ಸ್ವತಂತ್ರ ಸಾಕ್ಷಿಗಳಾಗುವುದಿಲ್ಲ, ಯಾಕೆಂದರೆ ಒಂದು ತೋಟದವರೆಲ್ಲ ಒಂದೇ ಡ್ರಮ್ಮಿನ ಔಷಧಿ ಹೊಡೆಯುತ್ತಾರೆ. ಪ್ರಯೋಗಾಲಯದಲ್ಲಿ ಒಂದೇ ತಾಯಿಯ ಆರು ಇಲಿಮರಿಗಳನ್ನು ಆರು ಪ್ರತ್ಯೇಕ ಪ್ರಾಣಿಗಳೆಂದು ಎಣಿಸುವ ತಪ್ಪೂ ಇದೇ ಜಾತಿಯದು. ಇನ್ನು ವ್ಯತ್ಯಾಸವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವವನ್ನು ಹೇಳುವ ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ಸತ್ಯ, ಹೆಚ್ಚು ಬಂದರೆ ಸುಳ್ಳು ಎಂಬ ನಂಬಿಕೆ. ಇಪ್ಪತ್ತು ಸಂಗತಿಗಳನ್ನು ಪರೀಕ್ಷಿಸಿದರೆ ಏನೂ ಇಲ್ಲದಿದ್ದಾಗಲೂ ಸರಾಸರಿ ಒಂದು ಆ ಗೆರೆ ದಾಟುತ್ತದೆ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಈ ಬಗ್ಗೆ ಬಹಿರಂಗ ಹೇಳಿಕೆಯನ್ನೇ ಕೊಡಬೇಕಾಯಿತು. ಯಾವ ಒಂದು ಹೋಲಿಕೆ ಮುಖ್ಯ ಎಂಬುದನ್ನು ಮೊದಲೇ ಬರೆದಿಟ್ಟರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಇಂಥ ತಪ್ಪುಗಳು ಸಣ್ಣ ಊರಿನ ಕಾಲೇಜುಗಳ ದೋಷವೆಂದು ಯಾರೂ ತಿಳಿಯಬೇಕಿಲ್ಲ. ಔಷಧ ತಯಾರಿಸುವ ಆಮ್ಜೆನ್ ಕಂಪನಿಯ ವಿಜ್ಞಾನಿಗಳು ಕ್ಯಾನ್ಸರ್ ಕುರಿತ 53 ಹೆಸರಾಂತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ 6 ಮಾತ್ರ ದೃಢಪಟ್ಟವು ಎಂದು 2012ರಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ಯಾಕೆ, ವೈದ್ಯರು ರೋಗಿ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಗಲು ರಾತ್ರಿ ಡ್ಯೂಟಿ ಮಾಡುವ ಪಿ.ಜಿ. ವಿದ್ಯಾರ್ಥಿಯ ಆಯಾಸ ಸುಳ್ಳಲ್ಲ, ಆ ಆಕ್ಷೇಪಕ್ಕೆ ತೂಕವಿದೆ. ಆದರೆ ಥೀಸಿಸ್ ಹೇಗೂ ಕಡ್ಡಾಯ ಇರುವಾಗ ಆಯ್ಕೆ ಇರುವುದು ಒಳ್ಳೆಯ ಅಧ್ಯಯನಕ್ಕೂ ಕೆಟ್ಟ ಅಧ್ಯಯನಕ್ಕೂ ನಡುವೆ. ಕೆಟ್ಟದ್ದಕ್ಕೆ ಶ್ರಮವೇನೂ ಕಡಿಮೆ ಹಿಡಿಯುವುದಿಲ್ಲ. ನಾಳೆ ಔಷಧ ಕಂಪನಿಯ ಪ್ರತಿನಿಧಿ ತಂದುಕೊಡುವ ಹೊಳಪು ಕಾಗದದಲ್ಲಿ ಅಪಾಯ ಅರ್ಧಕ್ಕೆ ಇಳಿಯಿತು ಎಂದಿದ್ದರೆ, ಅದು ನೂರಕ್ಕೆ ನಲವತ್ತರಿಂದ ಇಪ್ಪತ್ತಕ್ಕೋ, ಸಾವಿರಕ್ಕೆ ಎರಡರಿಂದ ಒಂದಕ್ಕೋ ಎಂದು ಕೇಳುವ ಅಭ್ಯಾಸ ಇಂಥ ತರಬೇತಿಯಿಂದಲೇ ಬರಬೇಕು. ಅದರ ಲಾಭ ನೇರವಾಗಿ ರೋಗಿಗೆ. ಸಂಖ್ಯಾಶಾಸ್ತ್ರಜ್ಞರು ಇದ್ದಾರಲ್ಲ ಎಂಬ ಮಾತೂ ಇದೆ. ಇದ್ದಾರೆ, ಆದರೆ ಅವರ ಕೈಗೆ ಹೋಗುವುದು ಎಕ್ಸೆಲ್ ಶೀಟು. ಯಾರು ಕೆಲಸ ಬಿಟ್ಟುಹೋದರು, ಯಾವ ಕಿಟ್ಟು ಯಾವಾಗ ಬದಲಾಯಿತು ಎಂಬುದು ಆ ಶೀಟಿನಲ್ಲಿ ಇರುವುದಿಲ್ಲ. ಮೊದಲ ದಿನವೇ ಅವರನ್ನು ಕೂರಿಸಿಕೊಂಡರೆ ಮಾತು ಬೇರೆ.

ಹಣವಿಲ್ಲದ ಕಡೆ ಒಳ್ಳೆಯ ಪ್ರಯೋಗ ಆಗದು ಎಂಬ ಆಕ್ಷೇಪಕ್ಕೆ ಮದ್ರಾಸಿನ ಉದಾಹರಣೆ ಸಾಕು. 1956ರಲ್ಲಿ ಅಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ, ಇಕ್ಕಟ್ಟಾದ ಬಡ ಮನೆಗಳ ರೋಗಿಗಳನ್ನು ಎರಡು ಗುಂಪಾಗಿ ಯಾದೃಚ್ಛಿಕವಾಗಿ ಹಂಚಿ, ಅರ್ಧ ಜನರಿಗೆ ಮನೆಯಲ್ಲೇ, ಉಳಿದವರಿಗೆ ಸ್ಯಾನಟೋರಿಯಂನಲ್ಲಿ ಚಿಕಿತ್ಸೆ ಕೊಟ್ಟಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು, ಮನೆಮಂದಿಗೆ ಸೋಂಕಿನ ಅಪಾಯ ಅದರಿಂದ ಹೆಚ್ಚಲಿಲ್ಲ. 1959ರಲ್ಲಿ ಪ್ರಕಟವಾದ ಆ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಅಲ್ಲಿಗೆ ವಿದೇಶಿ ನೆರವು ಇತ್ತೆಂಬುದು ನಿಜ. ಆದರೆ ಆ ಪ್ರಯೋಗಕ್ಕೆ ಬಲ ಬಂದದ್ದು ಹೋಲಿಕೆಯ ಪ್ರಾಮಾಣಿಕತೆಯಿಂದ.

ಉಳಿದದ್ದು ತಿಳಿಸುವ ಕೆಲಸ. ಪ್ರಬಂಧ ಪ್ರಕಟಿಸಲೇಬೇಕೆಂಬ ಒತ್ತಡದಿಂದ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಬೆಳೆದವು. ಪಿಎಚ್.ಡಿ.ಗೆ ಮೊದಲು ಪ್ರಬಂಧ ಪ್ರಕಟಿಸುವ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟದ್ದು ಒಳ್ಳೆಯದೇ. ಆದರೆ ತಿಕೋಟಾದಲ್ಲಿ ತೋಳು ಚಾಚಿ ರಕ್ತ ಕೊಟ್ಟವನಿಗೆ ಉತ್ತರ ಹೇಳಬೇಕೆಂಬುದು ಈಗಲೂ ವಿದ್ಯಾರ್ಥಿಯ ಅಂಕಕ್ಕೆ ಸೇರಿಲ್ಲ. ಕನ್ನಡದಲ್ಲಿ ಒಂದೇ ಪುಟ, ಗ್ರಾಮ ಪಂಚಾಯಿತಿಗೂ ಆಶಾ ಕಾರ್ಯಕರ್ತೆಗೂ ಒಂದೊಂದು ಪ್ರತಿ. ತಾಂಡಾಗಳಲ್ಲಿ ಲಂಬಾಣಿ ಬಲ್ಲವರಿಂದ ಬಾಯಿಮಾತಿನ ವಿವರಣೆ. ಏನೂ ವ್ಯತ್ಯಾಸ ಕಾಣಲಿಲ್ಲ ಎಂಬ ಫಲಿತಾಂಶವಾದರೂ ಹೇಳಬೇಕು. ವಿಜಯಪುರಕ್ಕೆ ಇದರಲ್ಲಿ ಮೇಲ್ಪಂಕ್ತಿಯೂ ಇದೆ. ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜನ್ನು 1986ರಲ್ಲಿ ತೆರೆದ ಬಿ.ಎಲ್.ಡಿ.ಇ. ಸಂಸ್ಥೆಯ ಬೇರು 1910ರದ್ದು. ಅದನ್ನು ಕಟ್ಟಿದ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಕಲೆಹಾಕಿ, ಪಾಠಗಳನ್ನು ತಾಳೆ ನೋಡಿ, ಮುದ್ರಣಾಲಯ ಹಾಕಿ ವಚನಗಳನ್ನು ಜನರ ಕೈಗಿತ್ತವರು. ತಾಳೆ ನೋಡಿದ್ದನ್ನು ಜನರ ಕೈಗೂ ಮುಟ್ಟಿಸಿದ ಕೆಲಸ ಅದು.

ಕಾಲೇಜುಗಳು ಮಾಡಬೇಕಾದದ್ದು ದೊಡ್ಡದೇನಲ್ಲ. ಥೀಸಿಸ್‌ನ ಮುಖ್ಯ ಪರೀಕ್ಷೆಯನ್ನು ಕೊನೆಯಿಂದ ಮೊದಲಿಗೆ ತರಬೇಕು: ಎಥಿಕ್ಸ್ ಕಮಿಟಿಗೆ ಹೋಗುವ ಮುನ್ನ ವಿನ್ಯಾಸವನ್ನು ಎಲ್ಲ ವಿಭಾಗಗಳ ಎದುರು ಮಂಡಿಸಿ, ಅದನ್ನು ಕೆಡವಲು ಯತ್ನಿಸುವವರಿಗೆ ಉತ್ತರ ಕೊಟ್ಟು, ಆ ಉತ್ತರಕ್ಕೇ ಅಂಕ ಪಡೆಯುವಂತಾಗಬೇಕು. ಓದುಗರಿಗೂ ಒಂದು ಕೆಲಸವಿದೆ. ಒಪ್ಪಿಗೆ ಪತ್ರ ಹಿಡಿದು ವಿದ್ಯಾರ್ಥಿಯೊಬ್ಬರು ನಿಮ್ಮ ಮನೆಗೆ ಬಂದರೆ, ನನ್ನನ್ನು ಯಾರ ಜೊತೆ ಹೋಲಿಸುತ್ತೀರಿ, ಫಲಿತಾಂಶ ನಮಗೆ ಯಾವಾಗ ಹೇಳುತ್ತೀರಿ ಎಂದು ಕೇಳಿ. ಕೇಳುವುದಕ್ಕೂ, ಉತ್ತರ ಸರಿಯೆನಿಸದಿದ್ದರೆ ನಡುವೆಯೇ ಹಿಂದೆ ಸರಿಯುವುದಕ್ಕೂ ಐಸಿಎಂಆರ್‌ನ 2017ರ ಮಾರ್ಗಸೂಚಿ ನಿಮಗೆ ಹಕ್ಕು ಕೊಟ್ಟಿದೆ.