ಬೀಳುವುದನ್ನೂ ಲೆಕ್ಕಕ್ಕೆ ಹಿಡಿದಾಗ

ಇಪ್ಪತ್ತು ಅಡಿ ಎತ್ತರದಿಂದ ಜಾರಿದವನು ನೆಲ ಮುಟ್ಟುವುದಕ್ಕೆ ಸುಮಾರು 1.1 ಸೆಕೆಂಡು ಸಾಕು. ಅಷ್ಟರಲ್ಲಿ ಅವನ ವೇಗ ಗಂಟೆಗೆ 39 ಕಿಲೋಮೀಟರ್ ಆಗಿರುತ್ತದೆ. ಏನಾಯಿತೆಂದು ಅರಿವಿಗೆ ಬಂದು, ಕೈಚಾಚಿ, ಕೊಂಬೆಯೊಂದನ್ನು ಹಿಡಿಯುವಷ್ಟು ಪುರುಸೊತ್ತು ಅಲ್ಲಿಲ್ಲ. ಅಮೆರಿಕದ ಜಿಂಕೆ ಬೇಟೆಗಾರರು ಪ್ರತಿ ಶರತ್ಕಾಲದಲ್ಲಿ ಮರ ಹತ್ತಿ ಕೂರುವುದು ಹೆಚ್ಚುಕಡಿಮೆ ಇದೇ ಎತ್ತರಕ್ಕೆ. ಬೆಳಕು ಹರಿಯುವ ಮೊದಲೇ ಹತ್ತಬೇಕು, ಕತ್ತಲಾದ ಮೇಲೆ ಇಳಿಯಬೇಕು. ಮೈತುಂಬ ದಪ್ಪ ಬಟ್ಟೆ, ಚಳಿಗೆ ಮರಗಟ್ಟಿದ ಬೆರಳು, ಕಾಲ ಕೆಳಗೆ ಎರಡಡಿ ಅಗಲದ ಕಟ್ಟೆ.

ಬೇಟೆಯ ಅಪಘಾತ ಎಂದರೆ ನಮಗೆ ತಟ್ಟನೆ ನೆನಪಾಗುವುದು ಗುರಿತಪ್ಪಿದ ಗುಂಡು. ಆದರೆ ಜಾರ್ಜಿಯಾ ರಾಜ್ಯದಲ್ಲಿ 1979ರಿಂದ 1989ರವರೆಗೆ ವರದಿಯಾದ ಜಿಂಕೆ ಬೇಟೆಯ ಗಾಯಗಳ ವಿವರ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಪ್ರಕಟವಾದಾಗ ಬೇರೆಯದೇ ಚಿತ್ರ ಕಂಡಿತು. ಅವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಗಾಯಗಳು ಮರದ ಮೇಲಿನ ಕಟ್ಟೆಗೆ, ಅಂದರೆ ‘ಟ್ರೀ ಸ್ಟ್ಯಾಂಡ್’ಗೆ ಸಂಬಂಧಿಸಿದ್ದವು. ಆಮೇಲಿನ ಮೂರು ದಶಕಗಳಲ್ಲಿ ಈ ಸಲಕರಣೆ ಬದಲಾದ ಬಗೆ ಕುತೂಹಲದ್ದು. ‘ಜೋಪಾನ, ಬೀಳಬೇಡ’ ಎನ್ನುವುದನ್ನು ಬಿಟ್ಟು, ‘ಒಂದಲ್ಲ ಒಂದು ದಿನ ಬೀಳುತ್ತಾನೆ’ ಎಂದೇ ಇಟ್ಟುಕೊಂಡು ಲೆಕ್ಕ ಹಾಕತೊಡಗಿದ ಮೇಲೆಯೇ ನಿಜವಾದ ಸುಧಾರಣೆ ಶುರುವಾಯಿತು.

ಮರವನ್ನೇ ಏಕೆ ಹತ್ತಬೇಕು?

ಅಲ್ಲಿನ ಬಿಳಿಬಾಲದ ಜಿಂಕೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಕತ್ತು ತಿರುಗಿಸದೆಯೇ ತನ್ನ ಸುತ್ತಲಿನ ಸುಮಾರು 300 ಡಿಗ್ರಿಯನ್ನು ಅದು ನೋಡಬಲ್ಲದು. ಅಡ್ಡಲಾಗಿ ಚಾಚಿದ ಕಣ್ಣಿನ ಪಾಪೆ ದಿಗಂತದ ಉದ್ದಕ್ಕೂ ಆಗುವ ಚಲನೆಯನ್ನು ಚೆನ್ನಾಗಿ ಗುರುತಿಸುತ್ತದೆ. ಮೂಗಂತೂ ಇನ್ನೂ ಚುರುಕು. ನೆಲದ ಮೇಲೆ ಅದರ ಹತ್ತಿರ ಸುಳಿಯುವುದು ಕಷ್ಟ. ಎತ್ತರದಲ್ಲಿ ಕೂತರೆ ಅದರ ಮಾಮೂಲಿ ನೋಟಕ್ಕೆ ಬೀಳುವುದಿಲ್ಲ, ಮೈವಾಸನೆ ಸ್ವಲ್ಪವಾದರೂ ಮೇಲಿನ ಗಾಳಿಯಲ್ಲಿ ಹೋಗುತ್ತದೆ. ಕೆಳಮುಖವಾಗಿ ಹಾರಿದ ಗುಂಡು ಗುರಿ ತಪ್ಪಿದರೂ ಮಣ್ಣಿಗೆ ಹೋಗುವುದರಿಂದ ಕಾಡಿನಲ್ಲಿರುವ ಇತರರಿಗೆ ಅಪಾಯ ಕಡಿಮೆ.

ಮರವೇರುವ ರೂಢಿಗೆ ಇನ್ನಷ್ಟು ಇಂಬು ಕೊಟ್ಟದ್ದು ಬಿಲ್ಲು. ಹಾಲೆಸ್ ವಿಲ್ಬರ್ ಆ್ಯಲನ್‌ಗೆ 1969ರಲ್ಲಿ ರಾಟೆಗಳುಳ್ಳ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ಹೆದೆಯನ್ನು ಪೂರ್ತಿ ಸೆಳೆದ ಮೇಲೆ ಅದನ್ನು ಹಿಡಿದಿಡಲು ಕಡಿಮೆ ಬಲ ಸಾಕಾಗುವ ಈ ಬಿಲ್ಲಿನಿಂದಾಗಿ ಬಿಲ್ಲುಬೇಟೆ ಸಾಮಾನ್ಯರ ಹವ್ಯಾಸವಾಯಿತು. ಬಾಣ ಎಸೆಯಲು ಪ್ರಾಣಿ ಕೆಲವೇ ಮಾರು ದೂರಕ್ಕೆ ಬರಬೇಕು. ಅಷ್ಟು ಹತ್ತಿರ ಬಂದರೂ ಕಾಣದಂತಿರಲು ಮರವೇ ಗತಿ.

ಭಾರವೇ ಬಿಗಿತ

ಮೊದಮೊದಲು ಕವಲಿಗೆ ಅಡ್ಡಲಾಗಿ ಹೊಡೆದ ಹಲಗೆ, ಕಾಂಡಕ್ಕೆ ಮೊಳೆ ಹೊಡೆದು ಮಾಡಿದ ಮೆಟ್ಟಿಲು, ಇಷ್ಟೇ. ಮಳೆಗೆ ಹಲಗೆ ಕೊಳೆಯುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಮರ ಬೆಳೆದು ದಪ್ಪವಾದಂತೆ ಹಲಗೆಯನ್ನು ಹೊರಕ್ಕೆ ತಳ್ಳುತ್ತದೆ. ಕಳೆದ ವರ್ಷ ಗಟ್ಟಿಯಾಗಿದ್ದುದು ಈ ವರ್ಷ ಕೈಕೊಡುತ್ತದೆ.

ಆಮೇಲೆ ಬಂದದ್ದು ‘ಕ್ಲೈಂಬರ್’ ಎಂಬ ಎರಡು ತುಂಡಿನ ಕಟ್ಟೆ. ಮೇಲಿನದು ಕೈಗೆ ಮತ್ತು ಕೂರುವುದಕ್ಕೆ, ಕೆಳಗಿನದು ಕಾಲಿಗೆ. ಎರಡಕ್ಕೂ ಕಾಂಡವನ್ನು ಬಳಸುವ ಪಟ್ಟಿಯಿರುತ್ತದೆ. ಮೇಲಿನದರ ಮೇಲೆ ಭಾರ ಬಿಟ್ಟು ಕಾಲಿನಿಂದ ಕೆಳಗಿನದನ್ನು ಎತ್ತಿಕೊಳ್ಳಬೇಕು, ಅದರ ಮೇಲೆ ನಿಂತು ಮೇಲಿನದನ್ನು ಸರಿಸಬೇಕು. ಕಂಬಳಿಹುಳುವಿನ ನಡಿಗೆ. ಕಟ್ಟೆಯ ಹೊರತುದಿಯಲ್ಲಿ ಭಾರ ಬಿದ್ದಾಗ ಅದರ ಒಳ ಅಂಚು ಕಾಂಡದ ಮುಂಬದಿಯನ್ನು ಒತ್ತುತ್ತದೆ, ಹಿಂದಿನ ಪಟ್ಟಿ ತುಸು ಮೇಲೆ ಕಾಂಡದ ಬೆನ್ನನ್ನು ಎಳೆದು ಹಿಡಿಯುತ್ತದೆ. ಭಾರ ಹೆಚ್ಚಿದಷ್ಟೂ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು.

ಈ ಚಾತುರ್ಯಕ್ಕೊಂದು ಮಿತಿಯಿದೆ. ಎಲ್ಲವೂ ತೊಗಟೆಯ ಮೇಲೆ ನಿಂತಿದೆ. ತೊಗಟೆ ನುಣುಪಾಗಿದ್ದರೆ, ಅದರ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಹಿಡಿತ ತಪ್ಪುತ್ತದೆ. ಕಾಂಡ ಮೇಲೆ ಹೋದಂತೆ ಸಪೂರವಾಗುವುದರಿಂದ, ಕೆಳಗೆ ಸಮತಟ್ಟಾಗಿದ್ದ ಕಟ್ಟೆ ಮೇಲೆ ಮುಂದಕ್ಕೆ ವಾಲುತ್ತದೆ. ಹಾಗಾಗಿ ಅನುಭವಿಗಳು ನೆಲದಲ್ಲೇ ಅದನ್ನು ತುಸು ಮೇಲ್ಮುಖವಾಗಿ ಓರೆ ಮಾಡಿ ಹೊರಡುತ್ತಾರೆ. ಕಾಲು ಜಾರಿ ಕೆಳಗಿನ ತುಂಡು ಕಳಚಿ ಬಿದ್ದರೆ ಬೇಟೆಗಾರ ಮೇಲೆಯೇ ಬಾಕಿ. ಎರಡು ತುಂಡುಗಳನ್ನೂ ಒಂದು ಹಗ್ಗದಿಂದ ಜೋಡಿಸಿಡಿ ಎಂಬ ಸೂಚನೆ ಇದೇ ಕಾರಣಕ್ಕೆ ಬಂತು.

ನೇತಾಡುವ ಕಟ್ಟೆ, ಏಣಿಗೆ ಜೋಡಿಸಿದ ಕಟ್ಟೆ ಮುಂತಾದ ಬಗೆಗಳೂ ಮಾರುಕಟ್ಟೆಗೆ ಬಂದವು. ತಯಾರಕರು ಸಂಘ ಕಟ್ಟಿಕೊಂಡರು. ಎಷ್ಟು ಭಾರ ತಡೆಯಬೇಕು, ಕಾಂಡದಿಂದ ಜಾರುತ್ತದೆಯೇ, ಮತ್ತೆ ಮತ್ತೆ ಭಾರ ಬಿದ್ದರೆ ಬಾಳುತ್ತದೆಯೇ ಎಂದು ನೋಡಲು ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಪರೀಕ್ಷಾ ವಿಧಾನಗಳು ರೂಪುಗೊಂಡವು. ಕಟ್ಟೆ ಗಟ್ಟಿಯಾಯಿತು. ಆದರೆ ಗಟ್ಟಿ ಕಟ್ಟೆಯ ಮೇಲಿಂದಲೂ ಮನುಷ್ಯ ತೂಕಡಿಸಿ ಬೀಳಬಹುದು.

ಹಗ್ಗ ಹರಿಯಲಿಲ್ಲ, ಆದರೂ ಪೆಟ್ಟಾಯಿತು

ಹಾಗಾದರೆ ಕಟ್ಟಿಕೊಂಡು ಕೂರೋಣ ಎಂದು ಮೊದಲು ಬಂದದ್ದು ಸೊಂಟದ ಬೆಲ್ಟ್. ಇಲ್ಲಿ ಒಂದು ಲೆಕ್ಕ ನೋಡಬೇಕು. 80 ಕಿಲೋ ತೂಕದ ವ್ಯಕ್ತಿ ಒಂದು ಮೀಟರ್ ಬಿದ್ದ ಮೇಲೆ ಹಗ್ಗ ಅವನನ್ನು 10 ಸೆಂಟಿಮೀಟರಿನಲ್ಲಿ ನಿಲ್ಲಿಸಿತು ಎನ್ನಿ. ಅವನ ಮೈಮೇಲೆ ಬೀಳುವ ಸರಾಸರಿ ಬಲ ಅವನ ತೂಕದ 11 ಪಟ್ಟು, ಅಂದರೆ 880 ಕಿಲೋ ಭಾರಕ್ಕೆ ಸಮ. ಅದೇ ವ್ಯಕ್ತಿಯನ್ನು 60 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಬಲ 215 ಕಿಲೋಗಿಂತ ಕೆಳಗಿಳಿಯುತ್ತದೆ. ಬಿದ್ದ ಎತ್ತರ ಒಂದೇ. ಬದಲಾದದ್ದು ನಿಲ್ಲಲು ಸಿಕ್ಕ ದೂರ ಮಾತ್ರ.

ಹಗ್ಗ ಎಷ್ಟೇ ಗಟ್ಟಿಯಿದ್ದರೂ ಸಾಲದು ಎನ್ನುವುದು ಇದರಿಂದ ಸ್ಪಷ್ಟ. ಅಗಲ ಕಿರಿದಾದ ಬೆಲ್ಟಿನಲ್ಲಿ ಆ ಬಲವೆಲ್ಲ ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಬೆಲ್ಟ್ ಪಕ್ಕೆಲುಬಿನವರೆಗೆ ಸರಿದರೆ ಉಸಿರೇ ಕಟ್ಟಬಹುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ‘ಒಶಾ’ ಕಟ್ಟಡ ಕೆಲಸಗಾರರ ವಿಷಯದಲ್ಲಿ ಇದನ್ನು ಮನಗಂಡು, 1998ರ ಜನವರಿ 1ರಿಂದ ಬೀಳುವವರನ್ನು ತಡೆಯಲು ಸೊಂಟದ ಬೆಲ್ಟ್ ಬಳಸುವಂತಿಲ್ಲ ಎಂದಿತು. ಬೇಟೆಯ ಸಲಕರಣೆಯೂ ಅದೇ ದಾರಿ ಹಿಡಿದು ತೊಡೆ, ಎದೆ, ಭುಜಗಳಿಗೆ ಬಲವನ್ನು ಹಂಚುವ ಪೂರ್ಣ ಹಾರ್ನೆಸ್‌ಗೆ ಬಂತು. ಹಗ್ಗ ಸೇರುವುದು ಬೆನ್ನಿನ ಮೇಲ್ಭಾಗದಲ್ಲಾದ್ದರಿಂದ ದೇಹ ತಲೆಕೆಳಗಾಗುವುದಿಲ್ಲ. ಹಲವು ಹಾರ್ನೆಸ್‌ಗಳಲ್ಲಿ ಪಟ್ಟಿಯನ್ನು ಮಡಚಿ ಹೊಲಿದಿರುತ್ತಾರೆ. ಬಿದ್ದಾಗ ಆ ಹೊಲಿಗೆ ಒಂದೊಂದಾಗಿ ಹರಿಯುತ್ತ ಬೇಕಾದ ದೂರವನ್ನು ಕೊಡುತ್ತದೆ. ಹರಿಯಬೇಕೆಂದೇ ಹಾಕಿದ ಹೊಲಿಗೆ ಅದು.

ಇನ್ನೊಂದು ತೊಡಕು ಆಮೇಲೆ ಗಮನಕ್ಕೆ ಬಂತು. ಕಾಲಾಡಿಸದೆ ನೇತಾಡುವವನ ತೊಡೆಯ ಪಟ್ಟಿ ರಕ್ತನಾಳಗಳನ್ನು ಅದುಮುತ್ತದೆ, ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಮಿದುಳಿಗೆ ಸಾಲದಾಗುತ್ತದೆ. ಇದರಿಂದ ಪ್ರಜ್ಞೆ ತಪ್ಪಿ 30 ನಿಮಿಷದೊಳಗೇ ಸಾವೂ ಬರಬಹುದೆಂದು ಒಶಾ 2004ರಲ್ಲಿ ಎಚ್ಚರಿಸಿತು. ಈಗ ಹಾರ್ನೆಸ್ ಜೊತೆಗೆ ಕಾಲೂರಲು ಒಂದು ಕುಣಿಕೆ ಪಟ್ಟಿ ಇರುತ್ತದೆ. ಅದರ ಮೇಲೆ ನಿಂತರೆ ತೊಡೆಯ ಬಿಗಿತ ಸಡಿಲಾಗುತ್ತದೆ. ಕೈಗೆಟುಕುವಲ್ಲಿ ಫೋನ್ ಅಥವಾ ಸೀಟಿ, ಎಲ್ಲಿಗೆ ಹೋಗಿದ್ದೇನೆಂದು ಮನೆಯವರಿಗೆ ತಿಳಿಸಿರುವುದು, ಇವೂ ಸಲಕರಣೆಯ ಭಾಗವೇ.

1931ರ ಗಂಟು

ಹಾರ್ನೆಸ್ ಬಂದರೂ ಒಂದು ತೂತು ಉಳಿದಿತ್ತು. ಮೇಲೆ ಕೂತ ಮೇಲೆ ಹಗ್ಗ ಸಿಕ್ಕಿಸಿಕೊಳ್ಳುವ ರೂಢಿಯಲ್ಲಿ ಹತ್ತುವಾಗ, ಇಳಿಯುವಾಗ, ಏಣಿಯಿಂದ ಕಟ್ಟೆಗೆ ಕಾಲಿಡುವಾಗ ರಕ್ಷಣೆಯೇ ಇಲ್ಲ. ಅಪಾಯ ಹೆಚ್ಚು ಇರುವುದೂ ಆಗಲೇ.

ಇದಕ್ಕೆ ಪರಿಹಾರ ಪರ್ವತಾರೋಹಿಗಳಿಂದ ಬಂತು. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ವಿವರಿಸಿದ ಗಂಟಿನಲ್ಲಿ, ತೆಳು ಹಗ್ಗದ ಕುಣಿಕೆಯನ್ನು ದಪ್ಪ ಹಗ್ಗದ ಸುತ್ತ ಕೆಲವು ಸುತ್ತು ಬಳಸುತ್ತಾರೆ. ಕೈಯಿಂದ ತಳ್ಳಿದರೆ ಅದು ಸಲೀಸಾಗಿ ಸರಿಯುತ್ತದೆ, ಭಾರ ಬಿದ್ದರೆ ಕಚ್ಚಿಕೊಂಡು ನಿಲ್ಲುತ್ತದೆ. ಭಾರವೇ ಬಿಗಿತವಾಗುವ ಅದೇ ತತ್ವ ಇಲ್ಲಿಯೂ ಇದೆ, ಆದರೆ ಹಿಡಿತ ತೊಗಟೆಯ ಮೇಲಲ್ಲ, ಹಗ್ಗದ ಮೇಲೆ. ಕಟ್ಟೆಗಿಂತ ಮೇಲೆ ಕಟ್ಟಿದ ‘ಲೈಫ್‌ಲೈನ್’ ಎಂಬ ದಪ್ಪ ಹಗ್ಗ ನೆಲದವರೆಗೆ ಇಳಿದಿರುತ್ತದೆ. ಬೇಟೆಗಾರ ನೆಲದಲ್ಲೇ ಹಾರ್ನೆಸ್ ಸಿಕ್ಕಿಸಿ, ಗಂಟನ್ನು ತಲೆಗಿಂತ ಮೇಲೆ ತಳ್ಳುತ್ತ ಹತ್ತುತ್ತಾನೆ. ಗಂಟು ಕೆಳಗುಳಿದಷ್ಟೂ ಸಡಿಲ ಹೆಚ್ಚು, ಸಡಿಲ ಹೆಚ್ಚಿದಷ್ಟೂ ಬೀಳುವ ದೂರ ಹೆಚ್ಚು. ಬಿಲ್ಲು ಅಥವಾ ಖಾಲಿ ಮಾಡಿದ ಬಂದೂಕನ್ನು ಆಮೇಲೆ ಹಗ್ಗದಲ್ಲಿ ಎಳೆದುಕೊಳ್ಳುತ್ತಾನೆ. ಈಚೆಗೆ ಕಟ್ಟೆಯನ್ನೇ ಬಿಟ್ಟು, ಮರ ಹತ್ತಿ ಕೊಂಬೆ ಸವರುವವರಂತೆ ಸೊಂಟಕ್ಕೆ ‘ಸ್ಯಾಡಲ್’ ಕಟ್ಟಿಕೊಂಡು ಹಗ್ಗಕ್ಕೆ ವಾಲಿ ಕೂರುವವರೂ ಹೆಚ್ಚುತ್ತಿದ್ದಾರೆ. ಬಿಸಿಲಿನ ಅತಿನೇರಳೆ ಕಿರಣ ನೈಲಾನ್ ಪಟ್ಟಿಯ ಬಲ ಕುಗ್ಗಿಸುವುದರಿಂದ ಹಾರ್ನೆಸ್‌ಗೆ ತಯಾರಕರು ಸಾಮಾನ್ಯವಾಗಿ ಐದು ವರ್ಷದ ಆಯುಸ್ಸು ನಿಗದಿ ಮಾಡುತ್ತಾರೆ.

ನಮ್ಮ ತೋಟಗಳಲ್ಲಿ

ನಮ್ಮ ಕಾಡುಗಳಲ್ಲಿ ಮಚಾನಿನ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಇತಿಹಾಸಕ್ಕೆ ಸೇರಿತು. ಮರ ಹತ್ತುವುದು ಮಾತ್ರ ನಿಂತಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಕೊನೆ ಕೊಯ್ಯಲು, ಅದಕ್ಕಿಂತ ಕಷ್ಟವಾಗಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು, ಮಳೆಗೆ ಪಾಚಿಗಟ್ಟಿದ ಮರಗಳನ್ನು ಜನ ಹತ್ತುತ್ತಲೇ ಇದ್ದಾರೆ. ಅಮೆರಿಕದ ಉಪಾಯ ಇಲ್ಲಿಗೆ ಹಾಗೆಯೇ ಒಗ್ಗುವುದಿಲ್ಲ. ಬೇಟೆಗಾರ ಒಂದೇ ಮರದಲ್ಲಿ ದಿನವಿಡೀ ಕೂರುತ್ತಾನೆ. ಕೊನೆಗಾರನಿಗೆ ಸಾಲುಸಾಲು ಮರ, ನುರಿತವನಾದರೆ ಇಳಿಯದೆಯೇ ಒಂದರಿಂದ ಇನ್ನೊಂದಕ್ಕೆ ದಾಟುತ್ತಾನೆ. ಪ್ರತಿ ಮರಕ್ಕೂ ಲೈಫ್‌ಲೈನ್ ಕಟ್ಟಿಟ್ಟಿರಲು ಆಗದು.

ಆದ್ದರಿಂದ ಇಲ್ಲಿ ಬೇರೆ ಉತ್ತರಗಳು ಹುಟ್ಟಿವೆ. ಕೇರಳದ ಚೆಂಬೇರಿಯ ಎಂ.ಜೆ. ಜೋಸೆಫ್ ರೂಪಿಸಿದ ತೆಂಗಿನಮರ ಏರುವ ಸಾಧನದಲ್ಲಿ ಮೈಭಾರಕ್ಕೆ ಬಿಗಿಯುವ ಉಕ್ಕಿನ ಹಗ್ಗಗಳಿವೆ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಅಡಿಕೆಮರ ಏರುವ ಬೈಕನ್ನೇ ಮಾಡಿದರು. ಇವೆರಡಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಕಾರ್ಬನ್ ಫೈಬರ್ ದೋಟಿ. ಹಗುರವಾದ ಈ ಉದ್ದ ದೋಟಿ ಹಿಡಿದರೆ ನೆಲದಲ್ಲೇ ನಿಂತು 60 ಅಡಿ ಮೇಲಿನ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಬಿದ್ದವನನ್ನು ಹಿಡಿಯುವುದಕ್ಕಿಂತ ಹತ್ತುವ ಅಗತ್ಯವನ್ನೇ ಇಲ್ಲವಾಗಿಸುವುದು ಸುರಕ್ಷತೆಯ ಮೊದಲ ಪಾಠ.

ಹತ್ತಲೇಬೇಕಾದ ಕಡೆ ಉಳಿಯುವ ನಿಯಮಗಳು ಕೆಲವೇ: ಕಾಲು ನೆಲ ಬಿಡುವ ಮೊದಲೇ ಕಟ್ಟಿಕೊಳ್ಳುವುದು, ಸಡಿಲ ಕಡಿಮೆ ಇಡುವುದು, ಸೊಂಟಕ್ಕಲ್ಲ ಮೈಗೆಲ್ಲ ಹಾರ್ನೆಸ್ ತೊಡುವುದು, ನೇತುಬಿದ್ದರೆ ಇಳಿಸುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ಹತ್ತುವವನ ಧೈರ್ಯವನ್ನು ಹೊಗಳುವುದು ಪುಕ್ಕಟೆ. ಹಾರ್ನೆಸ್‌ಗೆ ಮಾತ್ರ ದುಡ್ಡು ಬೇಕು, ಅದು ಹತ್ತಿಸುವವರ ಖರ್ಚಿನ ಪಟ್ಟಿಯಲ್ಲಿ ಕೂಲಿಯ ಪಕ್ಕದಲ್ಲೇ ಇರಬೇಕು.