ಪಾಸಿಟಿವ್ ಅಂದ ಕೂಡಲೇ ರೋಗ ಇದೆ ಅಂತಾನಾ?



2022ರ ಡಿಸೆಂಬರ್ ನೆನಪಿದೆಯಾ? ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಐದು ವರ್ಷದ ಮಗುವಿಗೆ ಝಿಕಾ ವೈರಸ್ ತಗುಲಿರೋದು ಖಚಿತವಾಯ್ತು. ಕರ್ನಾಟಕದಲ್ಲಿ ಅದೇ ಮೊದಲ ಪ್ರಕರಣ. ಪುಣೆಯ ಪ್ರಯೋಗಾಲಯಕ್ಕೆ ಹೋಗಿದ್ದು ಮೂರು ಮಾದರಿ. ಎರಡು ನೆಗೆಟಿವ್, ಒಂದು ಪಾಸಿಟಿವ್. ಆತಂಕ ಬೇಡ ಅಂತ ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಹೇಳಿದರು. ನಾವೇನು ಮಾಡಿದ್ವಿ? ಕೆಂಪು ಪಟ್ಟಿ, ದಪ್ಪ ಅಕ್ಷರ, ಹಿಂದೆ ಆನೆ ಗಾತ್ರದ ಸೊಳ್ಳೆ. ಓದಿದವನು ನಾನೇ.

ಬುಲೆಟಿನ್ ಮುಗಿಸಿ ಹೊರಗೆ ಬಂದರೆ ದೇವದುರ್ಗದಿಂದ ಒಬ್ಬ ತಾಯಿಯ ಫೋನು.

"ಸರ್, ನನ್ನ ಮಗಳು ಬಸುರಿ ಅದಾಳ್ರೀ. ಮೊನ್ನಿ ಮಾನ್ವಿಯಿಂದ ಬಂದಾಳ. ರಾಯಚೂರಿಗೆ ಕರ್ಕೊಂಡು ಹೋಗಿ ಟೆಸ್ಟ್ ಮಾಡಸ್ಲೇನ್ರೀ?"

"ಮಾಡಿಸಿಬಿಡಿ ಅಮ್ಮಾ, ಒಳ್ಳೇದೇ ಅಲ್ವಾ" ಅಂದೆ. ಜ್ವರ ಇದೆಯಾ ಅಂತಲೂ ಕೇಳಲಿಲ್ಲ.

ಆ ತಾಯಿಯ ಅಂಜಿಕೆ ಸುಳ್ಳಲ್ಲ. ಗರ್ಭಿಣಿಗೆ ಝಿಕಾ ತಗುಲಿದರೆ ಕೂಸಿನ ತಲೆ, ಮೆದುಳು ಸರಿಯಾಗಿ ಬೆಳೆಯದೇ ಇರಬಹುದು. 2015-16ರಲ್ಲಿ ಬ್ರೆಜಿಲ್ ಇದನ್ನು ಕಣ್ಣಾರೆ ಕಂಡಿದೆ. ಆದರೆ ನನ್ನ ಉತ್ತರ ತಪ್ಪು. ಯಾಕೆ ಅಂತ ಒಂದು ಲೆಕ್ಕ ಹಾಕೋಣ. ಅಂಕಿ ನನ್ನ ಕಲ್ಪನೆ, ಲೆಕ್ಕ ಮಾತ್ರ ನಿಜ.

ಒಂದು ಲಕ್ಷ ಜನ ಇದ್ದಾರೆ ಅಂದುಕೊಳ್ಳಿ. ಅವರಲ್ಲಿ ರೋಗ ಇರೋದು ಬರೀ 10 ಮಂದಿಗೆ. ಟೆಸ್ಟ್ ತುಂಬಾ ಚೆನ್ನಾಗಿದೆ: ರೋಗ ಇರುವ 100 ಜನರಲ್ಲಿ 90 ಜನರನ್ನು ಹಿಡಿಯುತ್ತೆ. ರೋಗ ಇಲ್ಲದ 100 ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ಪಾಸಿಟಿವ್ ಅನ್ನುತ್ತೆ. ಈಗ ಎಲ್ಲರಿಗೂ ಟೆಸ್ಟ್ ಮಾಡಿ. ರೋಗ ಇರೋರಲ್ಲಿ 9 ಜನ ಸಿಕ್ಕರು. ರೋಗ ಇಲ್ಲದ 99,990 ಜನರಲ್ಲಿ ಸುಮಾರು 1,000 ಜನರಿಗೆ ಸುಮ್ಮಸುಮ್ಮನೆ ಪಾಸಿಟಿವ್ ಬಂತು. ಅಂದ್ರೆ ಪಾಸಿಟಿವ್ ಬಂದ ನೂರು ಜನರಲ್ಲಿ ನಿಜವಾಗಿ ರೋಗ ಇರೋದು ಒಬ್ಬರಿಗೂ ಕಡಿಮೆ!

ಅದೇ ಟೆಸ್ಟನ್ನು ಆಸ್ಪತ್ರೆಯ ಜ್ವರದ ವಾರ್ಡಿಗೆ ಒಯ್ಯಿರಿ. ಅಲ್ಲಿರುವ 1,000 ಜನರಲ್ಲಿ 200 ಜನರಿಗೆ ರೋಗ ಇದೆ ಅಂತಿಟ್ಟುಕೊಳ್ಳಿ. 180 ಜನ ಸರಿಯಾಗಿ ಸಿಗ್ತಾರೆ, ತಪ್ಪಾಗಿ ಸಿಗೋರು ಬರೀ 8. ಈಗ ನೂರು ಪಾಸಿಟಿವ್‌ಗಳಲ್ಲಿ ಸುಮಾರು 96 ನಿಜ. ಕಿಟ್ ಅದೇ, ರಿಪೋರ್ಟಿನ ಅಕ್ಷರವೂ ಅದೇ. ಬದಲಾಗಿದ್ದು ಟೆಸ್ಟ್ ಯಾರಿಗೆ ಮಾಡಿದ್ವಿ ಅನ್ನೋದು ಮಾತ್ರ.

ಇಂಜಿನಿಯರಿಂಗ್ ಗಣಿತದಲ್ಲಿ ಇದನ್ನೇ ಬೇಯ್ಸ್ ಪ್ರಮೇಯ ಅಂತ ಬಾಯಿಪಾಠ ಮಾಡಿ ಪಾಸಾದವನು ನಾನು. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಒಬ್ಬ ಪಾದ್ರಿ. ಆತ ತೀರಿಕೊಂಡ ಎರಡು ವರ್ಷದ ಮೇಲೆ, 1763ರಲ್ಲಿ ಆತನ ಬರಹ ಪ್ರಕಟವಾಯ್ತು. ಸಾರ ಇಷ್ಟೇ: ಹೊಸ ಸಾಕ್ಷಿ ಬಂದಾಗ ಹಳೆಯ ಅಂದಾಜನ್ನು ಬಿಸಾಡಬೇಡಿ, ಎರಡನ್ನೂ ಕೂಡಿಸಿ ನೋಡಿ. ಒಳ್ಳೆಯ ಡಾಕ್ಟರು "ಎಷ್ಟು ದಿನದಿಂದ ಜ್ವರ? ಎಲ್ಲಿಗೆ ಹೋಗಿದ್ರಿ? ಓಣಿಯಲ್ಲಿ ಯಾರಿಗಾದರೂ ಐತಾ?" ಅಂತ ಕೇಳೋದು ಹರಟೆಗಲ್ಲ. ಅದೇ ಆ ಹಳೆಯ ಅಂದಾಜು.

ಝಿಕಾ ವಿಷಯದಲ್ಲಿ ಇನ್ನೊಂದು ತೊಡಕಿದೆ. ಝಿಕಾ, ಡೆಂಗ್ಯೂ ಎರಡೂ ಒಂದೇ ಕುಟುಂಬದ ವೈರಸ್‌ಗಳು, ಹರಡೋದೂ ಅದೇ ಈಡಿಸ್ ಸೊಳ್ಳೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಟೆಸ್ಟು ಒಂದನ್ನು ಇನ್ನೊಂದು ಅಂತ ತಿಳಿದುಬಿಡಬಹುದು.

ಹಾಗಂತ ನೆಗೆಟಿವ್ ಬಂದರೆ ನಿಶ್ಚಿಂತೆ ಅಂತಲೂ ಅಲ್ಲ. ಡೆಂಗ್ಯೂ ಹಬ್ಬಿರೋ ಕಾಲ, ಜ್ವರ ಬಂದ 1,000 ಮಕ್ಕಳಲ್ಲಿ 400 ಮಕ್ಕಳಿಗೆ ಡೆಂಗ್ಯೂ ಅನ್ನಿ. ಕಾರ್ಡ್ ಟೆಸ್ಟು ನೂರಕ್ಕೆ 70 ಹಿಡಿದರೆ 120 ಮಕ್ಕಳು ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋಗ್ತಾರೆ. ನೆನಪಿಡಿ, ಡೆಂಗ್ಯೂವಿನಲ್ಲಿ ಅಪಾಯ ಹೆಚ್ಚೋದು ಜ್ವರ ಇಳಿಯುವ ಹೊತ್ತಿಗೆ. ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ಮಂಕು ಕಂಡರೆ ಚೀಟಿ ಏನೇ ಹೇಳಲಿ, ಆಸ್ಪತ್ರೆಗೆ ಓಡಿ.

ಮರುದಿನ ದೇವದುರ್ಗದ ಆ ನಂಬರಿಗೆ ನಾನೇ ಫೋನ್ ಮಾಡಿದೆ. "ಅಮ್ಮಾ, ನಿನ್ನೆ ತಪ್ಪು ಹೇಳಿದೆ. ಮಗಳಿಗೆ ಜ್ವರ, ಮೈಮೇಲೆ ಗುಳ್ಳೆ ಏನಾದ್ರೂ ಇದೆಯಾ?"

"ಏನಿಲ್ರೀ. ಟಿವಿ ನೋಡಿ ಅಂಜಿಕಿ ಬಂತ್ರೀ."

ಝಿಕಾ ತಗುಲಿದ ಬಹಳ ಜನರಿಗೆ ಜ್ವರವೇ ಬರೋದಿಲ್ಲ. ಹಾಗಾಗಿ ಟೆಸ್ಟ್ ಬೇಡ ಅನ್ನೋಕೂ ನಾನ್ಯಾರು? "ಮಾನ್ವಿಯಿಂದ ಬಂದಾಳ" ಅನ್ನೋ ಆ ಒಂದು ಮಾತನ್ನು ಹೆರಿಗೆ ಡಾಕ್ಟರಿಗೆ ಹೇಳಿ, ಅವರೇ ನಿರ್ಧಾರ ಮಾಡಲಿ ಅಂದೆ. ವಾರದ ಮೇಲೆ ಆ ತಾಯಿಯೇ ತಿಳಿಸಿದರು: ಡಾಕ್ಟರು ಯಾವ ಊರು, ಎಷ್ಟು ದಿನ ಇದ್ದಳು, ಎಲ್ಲಾ ಕೇಳಿದ್ರಂತೆ. ಸದ್ಯಕ್ಕೆ ಟೆಸ್ಟ್ ಬೇಡ, ಸ್ಕ್ಯಾನಿಂಗ್ ತಪ್ಪಿಸಬೇಡಿ, ಸೊಳ್ಳೆ ಪರದೆ ಕಟ್ಟಿ ಅಂದ್ರಂತೆ.

ಮುಂದಿನ ಸಲ ರಿಪೋರ್ಟು ಕೈಗೆ ಬಂದಾಗ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿ: "ನನ್ನಂಥವರಿಗೆ ಈ ರಿಪೋರ್ಟ್ ಬಂದರೆ ಎಷ್ಟು ಸಲ ನಿಜ ಆಗಿರುತ್ತೆ?" ಕೆಂಪು ಪಟ್ಟಿ ಹಾಕುವ ಮೊದಲು ಆ ಪ್ರಶ್ನೆ ಕೇಳೋದು ನನ್ನ ಕೆಲಸವೂ ಹೌದು.